ಕಂಪನಿ ರೂಪಾಯಿ ಕೊಳ್ಳುವ ಮುನ್ನ

ಈಸ್ಟ್ ಇಂಡಿಯಾ ಕಂಪನಿ ಕಾಲದ ಬೆಳ್ಳಿ ನಾಣ್ಯ ಕೂಡಿಡುವ ಆಸೆಯಿದ್ದರೆ 1835ರ ಒಂದು ರೂಪಾಯಿಯಿಂದ ಶುರುಮಾಡಿ. ಒಂದು ಕಡೆ ನಾಲ್ಕನೇ ವಿಲಿಯಂ ದೊರೆಯ ಮುಖ, ಇನ್ನೊಂದು ಕಡೆ ಎಲೆಬಳ್ಳಿಯ ನಡುವೆ ಇಂಗ್ಲಿಷ್ ಮತ್ತು ಪರ್ಷಿಯನ್ ಬರಹ. ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. ಸವೆದಿದ್ದರೆ ತೂಕ ಸ್ವಲ್ಪ ಇಳಿದಿರುತ್ತದೆ.

ನಾನು ದಾವಣಗೆರೆಯ ಮಂಡಿಪೇಟೆ ಕಡೆ ಹಳೇ ಬೆಳ್ಳಿ ನೋಡಲು ಹೋದಾಗ ಚೀಲದಲ್ಲಿ ಪುಟ್ಟ ಡಿಜಿಟಲ್ ತಕ್ಕಡಿ ಇರಲೇಬೇಕು. ಮನೆಗೆ ತಂದಮೇಲೆ ಇನ್ನೊಂದು ಪರೀಕ್ಷೆ: ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಪೂರಾ ಮುಳುಗಿಸಿ. ಸುಮಾರು 1.13 ಗ್ರಾಂ ತೋರಿಸಿದರೆ ಬೆಳ್ಳಿ ಎನ್ನಬಹುದು. 1.3 ದಾಟಿದರೆ ಹಿತ್ತಾಳೆಯಂಥ ಅಗ್ಗದ ಲೋಹ, ವಾಪಸ್ ಕೊಡಿ.

1818 ಅಂತ ಬರೆದು ರಾಮ-ಸೀತೆಯರ ಚಿತ್ರವಿರುವ 'ಕಂಪನಿ ನಾಣ್ಯ' ತೋರಿಸಿದರೆ ಮುಟ್ಟಬೇಡಿ. ಕಂಪನಿ ಅಂಥದ್ದನ್ನು ಅಚ್ಚು ಹಾಕಿಸಲೇ ಇಲ್ಲ. ಆರ್ಕಾಟ್ ರೂಪಾಯಿ (ಆರ್ಕಾಟ್ ಹೆಸರಿನಲ್ಲಿ ಕಂಪನಿ, ಫ್ರೆಂಚರು ಇಬ್ಬರೂ ಅಚ್ಚು ಹಾಕಿಸಿದ ಬೆಳ್ಳಿ ನಾಣ್ಯ) ಸಿಕ್ಕರೆ ಅರ್ಧಚಂದ್ರದ ಗುರುತು ಹುಡುಕಿ, ಅದಿದ್ದರೆ ನಾಣ್ಯ ಕಂಪನಿಯದಲ್ಲ, ಫ್ರೆಂಚರ ಪುದುಚೇರಿ ಟಂಕಸಾಲೆಯದು.

ತೊಳೆಯಲಂತೂ ಹೋಗಬೇಡಿ. ನಮ್ಮಜ್ಜಿಯ ರೂಪಾಯಿಯನ್ನು ಲಕ್ಷ್ಮೀಪೂಜೆಗೆಂದು ವರ್ಷವರ್ಷವೂ ವಿಭೂತಿ ಹಾಕಿ ತಿಕ್ಕಿ ದೊರೆಯ ಕೂದಲ ಗೆರೆಯೇ ಹೋಗಿದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕಪ್ಪು ಹಿಡಿದಿದ್ದರೂ ಹಾಗೇ ಇರಲಿ, ಅಂಚು ಹಿಡಿದೇ ಎತ್ತಿ.

ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿಯಿಲ್ಲದೆ ವಿದೇಶಕ್ಕೆ ಕಳಿಸುವುದು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅಪರಾಧ.