ಮಿದುಳಿನ ಅನಿಲ, ಸುಂಡಿಲಿಯ ಆತಂಕ: ಮಳೆಗಾಲದ ಲ್ಯಾಬಿನಲ್ಲಿ ಅಳೆಯುವ ಬಗೆ

ಮಿದುಳಿನ ನರಕೋಶಗಳು ಸಂದೇಶಕ್ಕೆ ಬಳಸುವ ಅನಿಲ ನೈಟ್ರಿಕ್ ಆಕ್ಸೈಡ್. ಆತಂಕದಲ್ಲಿ ಅದರ ಪಾತ್ರ ನೋಡಬೇಕಾದಾಗಲೂ ಅದನ್ನು ನಾವು ನೇರವಾಗಿ ಅಳೆಯುವುದಿಲ್ಲ. ನರಕೋಶ ಅರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಅದನ್ನು ತಯಾರಿಸಿದ ಕೆಲವೇ ಸೆಕೆಂಡುಗಳಲ್ಲಿ ಅದು ನೈಟ್ರೈಟ್, ನೈಟ್ರೇಟ್ ಆಗಿ ಹೋಗಿರುತ್ತದೆ. ಲ್ಯಾಬಿಗೆ ಸಿಗುವುದು ಅಷ್ಟೇ. ಈ ಎರಡು ನೀರಿನಲ್ಲೂ, ಗಾಜಿನಲ್ಲೂ, ಕೈಗವಸಿನಲ್ಲೂ ಇರುವುದರಿಂದ ಸುಳ್ಳು ಅಂಕಿ ಬರುವುದು ಬಲು ಸುಲಭ.

ಪ್ರಾಣಿ ನೀತಿ ಸಮಿತಿಯ ಅನುಮತಿ ಸಿಕ್ಕ ಮೇಲೆ ಮೊದಲು ನಡವಳಿಕೆ, ಆಮೇಲೆ ಮಿದುಳು. ಸುಂಡಿಲಿಗೆ ಎಲಿವೇಟೆಡ್ ಪ್ಲಸ್ ಮೇಜ್, ಅಂದರೆ ಎತ್ತರದಲ್ಲಿಟ್ಟ ಕೂಡಿಸು ಚಿಹ್ನೆಯಾಕಾರದ ಹಾದಿ; ಎರಡು ತೋಳು ತೆರೆದವು, ಎರಡಕ್ಕೆ ಗೋಡೆ, ಆತಂಕವಿದ್ದಷ್ಟೂ ಪ್ರಾಣಿ ತೆರೆದ ತೋಳಿನಿಂದ ದೂರ. ತೋಳು 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಮುಚ್ಚಿದ ತೋಳಿನ ಗೋಡೆ 15 ಸೆಂ.ಮೀ., ನೆಲದಿಂದ ಎತ್ತರ ಸುಮಾರು 50 ಸೆಂ.ಮೀ. ಐದು ನಿಮಿಷ ಬಿಟ್ಟು ತೆರೆದ ತೋಳಿನಲ್ಲಿ ಕಳೆದ ಹೊತ್ತು ನೋಡುತ್ತೇವೆ. ಒಂದು ಸುಂಡಿಲಿಗೆ ಒಂದೇ ಸಲ. ಎರಡನೇ ಸಲ ಬಿಟ್ಟರೆ ಅದು ತೆರೆದ ತೋಳಿಗೆ ಹೋಗುವುದನ್ನೇ ಬಿಡುತ್ತದೆ, ಆತಂಕಶಾಮಕ ಔಷಧಿಯೂ ಕೆಲಸ ಮಾಡದಂತೆ ಕಾಣುತ್ತದೆ.

ಶಿವಮೊಗ್ಗದಲ್ಲಿ ಆರಿದ್ರಾ ಮಳೆ ಹಿಡಿದರೆ ಶೀಟಿನ ಮಾಡಿನ ಕೋಣೆಯಲ್ಲಿ ಈ ಪರೀಕ್ಷೆ ಬೇಡ. ಗುಡುಗಿಗೂ ಮಳೆಯ ಸದ್ದಿಗೂ ಕಂಟ್ರೋಲ್ ಗುಂಪೇ (ಹೋಲಿಕೆಗೆಂದು ಔಷಧಿ ಕೊಡದೆ ಇಟ್ಟದ್ದು) ಹೆದರಿ ಕೂರುತ್ತದೆ. ತಾರಸಿಯ ಒಳಕೋಣೆ ಬೇಕು. ಒಂದೊಂದು ಪ್ರಾಣಿಯ ನಂತರ ಮೇಜ್‌ಗೆ ಒರೆಸಿದ ಸ್ಪಿರಿಟ್ ಒದ್ದೆ ಹವೆಯಲ್ಲಿ ಬೇಗ ಆರುವುದಿಲ್ಲ, ಹಿಂದಿನ ಪ್ರಾಣಿಯ ವಾಸನೆಯೂ ಉಳಿಯುತ್ತದೆ. ಒಣಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೇ ಮುಂದಿನದು.

ನರಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ತಡೆಯಲು 7-ನೈಟ್ರೋಇಂಡಜೋಲ್ ಕೊಡುತ್ತೇವೆ. ನೀರಿನಲ್ಲಿ ಕರಗದು, ಶೇಂಗಾ ಎಣ್ಣೆಯಲ್ಲಿ ಕಲಸಬೇಕು. ಕಂಟ್ರೋಲ್ ಗುಂಪಿಗೂ ಅದೇ ಎಣ್ಣೆ. ಇನ್ನೊಂದು ತಡೆಮದ್ದು ಎಲ್-ನೇಮ್ ನೀರಿನಲ್ಲಿ ಕರಗುತ್ತದೆ, ಆದರೆ ರಕ್ತನಾಳದ ಕಿಣ್ವವನ್ನೂ ಹಿಡಿದು ರಕ್ತದೊತ್ತಡ ಏರಿಸುತ್ತದೆ. ಇಲ್ಲಿ ಮುಚ್ಚಿದ ತೋಳಿನ ಪ್ರವೇಶಗಳನ್ನೂ ಎಣಿಸಲೇಬೇಕು. ಅವೂ ಕಡಿಮೆಯಾಗಿದ್ದರೆ ಪ್ರಾಣಿ ಮಂಕಾಗಿದೆ ಎಂದರ್ಥ, ಆತಂಕದ ಮಾತು ಆಡುವ ಹಾಗಿಲ್ಲ. 7-ನೈಟ್ರೋಇಂಡಜೋಲ್ ಡೋಸ್ ಏರಿದಂತೆ ಹೀಗಾಗುತ್ತದೆ. ಇದನ್ನು ಮರೆತು ಬರೆದ ತೀರ್ಮಾನಗಳ ಮೇಲೆ ನನಗೆ ನಂಬಿಕೆಯಿಲ್ಲ.

ಆಮೇಲೆ ಮಿದುಳಿನ ನೈಟ್ರೈಟನ್ನು ಗುಲಾಬಿ ಬಣ್ಣವಾಗಿಸಿ ಅಳೆಯುವ ಗ್ರೀಸ್ ಪರೀಕ್ಷೆ. ಅದಕ್ಕೆ ಮಿದುಳಿನ ರಕ್ತ ಮೊದಲು ತೊಳೆದುಹೋಗಬೇಕು. ಹಿಮೋಗ್ಲೋಬಿನ್ ನೈಟ್ರಿಕ್ ಆಕ್ಸೈಡನ್ನು ನೈಟ್ರೇಟ್ ಮಾಡುತ್ತದೆ, ಬಣ್ಣವನ್ನೂ ಕೆಡಿಸುತ್ತದೆ. ತಣ್ಣನೆಯ ಸಲೈನ್ ಹಾಯಿಸಿ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗ ತೆಗೆದು, ಬಫರಿನಲ್ಲಿ ಅರೆದು 10% ಹೋಮೋಜಿನೇಟ್ ಮಾಡಿ, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡುತ್ತೇವೆ. ಪ್ರೋಟೀನ್ ಅಳತೆಗೆ ಸ್ವಲ್ಪ ತೆಗೆದಿಟ್ಟು, ಉಳಿದದ್ದನ್ನು 10 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ಸೋಸುತ್ತೇವೆ. ಫಿಲ್ಟರಿನಲ್ಲೇ ನೈಟ್ರೈಟ್ ಇರಬಹುದು, ಮೊದಲು ಶುದ್ಧ ನೀರಿನಿಂದ ತೊಳೆಯಿರಿ.

ಸೋಸಿದ ಮಾದರಿಗೆ ಮೊದಲು 1% ಸಲ್ಫನಿಲಮೈಡ್, 5% ಫಾಸ್ಫಾರಿಕ್ ಆಮ್ಲದಲ್ಲಿ. ಕತ್ತಲಲ್ಲಿ 5 ರಿಂದ 10 ನಿಮಿಷ ಬಿಟ್ಟು 0.1% ನ್ಯಾಫ್ತಿಲ್ ಎಥಿಲೀನ್ ಡೈಅಮೀನ್. 540 ನ್ಯಾನೋಮೀಟರಿನಲ್ಲಿ ಅರ್ಧ ಗಂಟೆಯೊಳಗೆ ಓದಬೇಕು. ಹೋಲಿಸಲು ಬೇಕಾದ ಸ್ಟ್ಯಾಂಡರ್ಡ್ ನೈಟ್ರೈಟ್ ದ್ರಾವಣವನ್ನು 100 ಮೈಕ್ರೋಮೋಲಾರ್‌ನಿಂದ ಅರ್ಧರ್ಧ ಇಳಿಸುತ್ತಾ ಹೋಗಿ, ಮಾದರಿಯ ಬಫರಿನಲ್ಲೇ. ಇದು ನೈಟ್ರೈಟನ್ನು ಮಾತ್ರ ಹಿಡಿಯುತ್ತದೆ. ನೈಟ್ರೇಟ್ ಬೇಕಾದರೆ ವನೇಡಿಯಂ ಕ್ಲೋರೈಡ್ ಸೇರಿಸಿ 37 ಡಿಗ್ರಿಯಲ್ಲಿ ಸುಮಾರು ಮುಕ್ಕಾಲು ಗಂಟೆ. ಮಾದರಿಯಿಲ್ಲದ ಬ್ಲಾಂಕ್ ಗುಲಾಬಿಯಾದರೆ ನೀರನ್ನು ಅನುಮಾನಿಸಿ. ಅಡಿಕೆ ತೋಟದ ಬಾವಿಗೆ ಗೊಬ್ಬರದ ನೈಟ್ರೇಟ್ ಇಳಿದಿರಬಹುದು. ಆ ನೀರು ಇಲಿ ಕುಡಿಯುವ ಬಾಟಲಿಗೂ ಬೇಡ.

ಇಷ್ಟಾದ ಮೇಲೂ ನೈಟ್ರಿಕ್ ಆಕ್ಸೈಡ್ ಹೆಚ್ಚಿದರೆ ಆತಂಕ ಹೆಚ್ಚು ಎಂದು ಬರೆಯಲಾಗದು. ನಡುಮಿದುಳಿನ ಡಾರ್ಸಲ್ ಪೆರಿಅಕ್ವಿಡಕ್ಟಲ್ ಗ್ರೇ ಭಾಗದಲ್ಲಿ ಕಿಣ್ವ ತಡೆದರೆ ಆತಂಕ ಇಳಿಯುತ್ತದೆ. ಇಡೀ ದೇಹಕ್ಕೆ ಕೊಟ್ಟಾಗ ಫಲ ಎರಡೂ ಕಡೆ ವಾಲುತ್ತದೆ. ಡೋಸ್ ಒಂದೇ ಇಟ್ಟರೆ ಇದು ಕಾಣುವುದಿಲ್ಲ, ಕನಿಷ್ಠ ಮೂರು ಬೇಕು.

ಮಿದುಳಿನ ಇನ್ನೊಂದು ಅನಿಲ ಹೈಡ್ರೋಜನ್ ಸಲ್ಫೈಡ್ ನೋಡುವವರು ಅದನ್ನು ಬಿಡುವ ಸೋಡಿಯಂ ಹೈಡ್ರೋಸಲ್ಫೈಡ್ ದ್ರಾವಣವನ್ನು ಆಗಿಂದಾಗಲೇ ಮಾಡಿ, ಮುಚ್ಚಳ ಬಿಗಿಮಾಡಿ. ತೆರೆದಿಟ್ಟರೆ ನಿಮಿಷಗಳಲ್ಲೇ ಅನಿಲ ಹಾರಿಹೋಗಿ, ಬೆಳಿಗ್ಗೆಯ ಇಲಿಗೂ ಮಧ್ಯಾಹ್ನದ ಇಲಿಗೂ ಬೇರೆ ಬೇರೆ ಡೋಸ್ ಬಿದ್ದಿರುತ್ತದೆ.