ವಿಮಾನ ಆಮೇಲೆ, ಮೊದಲು ಕ್ಲಬ್

ಆರ್‌ಸಿ ವಿಮಾನ, ಅಂದರೆ ನೆಲದ ಮೇಲೆ ನಿಂತು ರಿಮೋಟ್‌ನಿಂದ ನಡೆಸುವ ಪುಟ್ಟ ವಿಮಾನ ಹಾರಿಸುವ ಆಸೆ ಹುಟ್ಟಿದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಆನ್‌ಲೈನ್‌ನಲ್ಲಿ ವಿಮಾನ ಹುಡುಕುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಜೊತೆಗಾರರು, ಆಮೇಲೆ ಜಾಗ, ಆಮೇಲೆ ಪಾಠ, ಅದಾದ ಮೇಲೆ ವಿಮಾನ. ಬಯಲುಸೀಮೆಯಲ್ಲಿ ಈ ಕ್ರಮ ತಪ್ಪಿದರೂ ಹೇಗೋ ನಡೆದೀತು. ಕೊಡಗಿನಲ್ಲಿ ನಡೆಯುವುದಿಲ್ಲ. ಇಲ್ಲಿ ಮನೆಯಿಂದ ಕಾಲು ಹೊರಗಿಟ್ಟರೆ ಏರು, ಇಲ್ಲಾ ಇಳಿಜಾರು. ಸುತ್ತ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕಾಳುಮೆಣಸು, ಕೆಳಗೆ ಒತ್ತಾಗಿ ಕಾಫಿ ಗಿಡ. ಕಾಫಿ ಒಣಗಿಸುವ ಕಣ ನೋಡಲು ರನ್‌ವೇ ಥರ ಇರುತ್ತದೆ, ನಿಜ. ಅಲ್ಲಿಂದ ವಿಮಾನ ಮೇಲೇಳುತ್ತದೆ ಕೂಡ. ಇಳಿಸಲು ಮಾತ್ರ ಸುತ್ತಲಿನ ಮರಗಳು ಬಿಡುವುದಿಲ್ಲ.

ಒಬ್ಬರೇ ಕಲಿಯಲು ಹೊರಟವರ ಮೊದಲ ವಿಮಾನ ಉಳಿಯುವುದು ಅಪರೂಪ. ಕೈಯಿಂದ ಎಸೆದು ಹಾರಿಸಿದ ಮೊದಲ ಅರ್ಧ ನಿಮಿಷದಲ್ಲೇ ಎಲ್ಲ ಮುಗಿದಿರುತ್ತದೆ. ಆ ಅರ್ಧ ನಿಮಿಷವನ್ನು ದಾಟಿಸುವುದೇ ಕ್ಲಬ್‌ನ ದೊಡ್ಡ ಉಪಕಾರ.

ಹೆಜ್ಜೆ 1: ಬರಿಗೈಯಲ್ಲಿ ಹೋಗಿ ನೋಡಿ

ಹತ್ತಿರದಲ್ಲಿ ಯಾರು ಹಾರಿಸುತ್ತಾರೆ ಅಂತ ತಿಳಿಯಲು ಮೈಸೂರು, ಬೆಂಗಳೂರಿನ ಹಾಬಿ ಅಂಗಡಿಗಳನ್ನು ಕೇಳಿ. ತಮ್ಮ ಗಿರಾಕಿಗಳಲ್ಲಿ ಕೊಡಗಿನವರು ಯಾರು ಅಂತ ಅವರಿಗೆ ಗೊತ್ತಿರುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗರನ್ನೂ, ನಿಮ್ಮೂರಿನ ನಿವೃತ್ತ ಫೌಜಿಗಳನ್ನೂ ಕೇಳಿ. ವಾಯುಪಡೆಯಲ್ಲಿ ತಾಂತ್ರಿಕ ಕೆಲಸ ಮಾಡಿ ಬಂದವರೊಬ್ಬರು ಸಿಕ್ಕರೆ ಅದೃಷ್ಟ. ಬೆಸುಗೆ ಹಾಕುವುದನ್ನು ಅವರಷ್ಟು ಚೆನ್ನಾಗಿ ಕಲಿಸುವವರು ಇಲ್ಲ.

ಮೊದಲ ಸಲ ಹೋದಾಗ ಸುಮ್ನೆ ನಿಂತು ನೋಡಿ. ಹಾರಿಸುವವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಾರಾ? ಇಳಿಸುವ ಮುಂಚೆ ‘ಲ್ಯಾಂಡಿಂಗ್’ ಅಂತ ಗಟ್ಟಿಯಾಗಿ ಕೂಗುತ್ತಾರಾ? ನೋಡಲು ಬಂದ ಮಕ್ಕಳು ಪೈಲಟ್‌ಗಳ ಹಿಂದೆ ಇದ್ದಾರಾ, ಮುಂದೆ ಓಡಾಡುತ್ತಿದ್ದಾರಾ? ಬ್ಯಾಟರಿ ಚಾರ್ಜ್ ಆಗುವ ಕಡೆ ಬೆಂಕಿ ಹತ್ತಿದರೆ ಸುರಿಯಲು ಒಂದು ಬಕೆಟ್ ಮರಳು ಇದೆಯಾ? ಇವಕ್ಕೆಲ್ಲ ಉತ್ತರ ಸರಿಯಿದ್ದರೆ ಅಲ್ಲಿ ಸೇರಬಹುದು. ದುಬಾರಿ ವಿಮಾನಗಳಿದ್ದು ಇದ್ಯಾವುದೂ ಇಲ್ಲ ಎಂದರೆ ಚಹಾ ಕುಡಿದು ವಾಪಸ್ ಬನ್ನಿ.

ಅಲ್ಲಿರುವಾಗಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಅಣ್ಣ, ಇಲ್ಲಿ ಎಲ್ಲರದ್ದೂ ಯಾವ ಮೋಡ್?’ ರಿಮೋಟ್‌ನಲ್ಲಿ ಥ್ರಾಟಲ್, ಅಂದರೆ ಮೋಟಾರಿನ ವೇಗ ಹೆಚ್ಚು ಕಮ್ಮಿ ಮಾಡುವ ಸ್ಟಿಕ್, ಎಡಗೈಯಲ್ಲಿದ್ದರೆ ಮೋಡ್ 2, ಬಲಗೈಯಲ್ಲಿದ್ದರೆ ಮೋಡ್ 1. ಎರಡರಲ್ಲಿ ಯಾವುದು ಮೇಲು ಅನ್ನುವುದು ವ್ಯರ್ಥ ಚರ್ಚೆ. ಕಲಿಸುವವರ ಕೈಯಲ್ಲಿ ಯಾವುದಿದೆಯೋ ನಿಮಗೂ ಅದೇ ಇರಲಿ. ನಿಮ್ಮ ವಿಮಾನ ಎಡವಟ್ಟಾದಾಗ ರಿಮೋಟ್ ಅವರ ಕೈಗೆ ಹೋಗಬೇಕಲ್ವಾ?

ಹೆಜ್ಜೆ 2: ಜಾಗ ಮತ್ತು ಕಾಲ ತಿಳಿದುಕೊಳ್ಳಿ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಭತ್ತದ ಕೊಯ್ಲು ಮುಗಿದರೆ ಗದ್ದೆ ಬಯಲು ಖಾಲಿಯಾಗುತ್ತದೆ. ಅಲ್ಲಿಂದ ಮುಂಗಾರು ಹಿಡಿಯುವವರೆಗೆ ನಮ್ಮ ಹಾರಾಟದ ಕಾಲ. ಮಧ್ಯೆ ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಒಂದೆರಡು ಭಾನುವಾರ ಹೋಗುತ್ತದೆ. ತೋಟ ಇರುವವರು ಆ ನಷ್ಟಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ ಬಿಡಿ.

ಶಾಲಾ ಮೈದಾನ ಇನ್ನೂ ಚೆನ್ನ, ಅನುಮತಿ ಸಿಕ್ಕರೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕೇಳಲು ಹೋಗಬೇಡಿ. ಕರಡದಲ್ಲಿ 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಿಂದ ಹಿಡಿದು ಊರೂರಿನ ಕ್ರಿಕೆಟ್‌ವರೆಗೆ ಎಲ್ಲ ಪಂದ್ಯಾವಳಿಗಳೂ ಆಗಲೇ. ಕೊಡಗಿನಲ್ಲಿ ಹಾಕಿಯ ಎದುರು ವಿಮಾನ ಗೆಲ್ಲುವುದಿಲ್ಲ.

ಗದ್ದೆ ಕೇಳುವ ವಿಷಯದಲ್ಲಿ ಕ್ಲಬ್‌ನ ಬೆಲೆ ಗೊತ್ತಾಗುತ್ತದೆ. ಯಾರೋ ಒಬ್ಬ ಹುಡುಗ ರಿಮೋಟ್ ಹಿಡಿದು ಬಯಲಿಗಿಳಿದರೆ ಡ್ರೋನ್ ಬಿಟ್ಟು ಫೋಟೊ ತೆಗೆಯುತ್ತಿದ್ದಾನೆ ಅಂತ ಅನುಮಾನ ಬರುವುದು ಸಹಜ. ಅದೇ ಪರಿಚಯದ ನಾಲ್ಕು ಜನ ಮನೆಗೆ ಹೋಗಿ, ‘ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ನಿಮ್ಮ ಗದ್ದೆ ಬೇಕಿತ್ತು, ದನ ಬಿಡುವ ಹೊತ್ತಿಗೆ ಮುಗಿಸುತ್ತೇವೆ’ ಅಂದರೆ ಇಲ್ಲ ಅನ್ನುವವರು ಕಮ್ಮಿ.

ಗದ್ದೆಗೂ ಅದರದೇ ತಕರಾರುಗಳಿವೆ. ಕೊಯ್ದು ಉಳಿದ ಕೂಳೆ ಗಟ್ಟಿ. ವಿಮಾನದ ಪುಟ್ಟ ಚಕ್ರ ಅದಕ್ಕೆ ಸಿಕ್ಕಿದರೆ ಮೂಗು ನೆಲಕ್ಕೆ. ಅದಕ್ಕೇ ಅನುಭವಿಗಳು ಚಕ್ರ ಬಿಚ್ಚಿಟ್ಟು, ಕೈಯಿಂದ ಎಸೆದು ಹಾರಿಸಿ, ಹೊಟ್ಟೆಯ ಮೇಲೆ ಜಾರಿಸಿ ಇಳಿಸುತ್ತಾರೆ. ನೆಲ ಮುಟ್ಟುವ ಮೊದಲೇ ಥ್ರಾಟಲ್ ಪೂರ್ತಿ ಕೆಳಗೆ. ಪ್ರೊಪೆಲ್ಲರನ್ನು ರಬ್ಬರ್ ರಿಂಗಿನಿಂದ ಹಿಡಿದಿಡುವ ಪ್ರಾಪ್ ಸೇವರ್ ಹಾಕಿದ್ದರೆ ಬದುವಿಗೆ ತಗುಲಿದರೂ ಅದು ವಾಲಿಕೊಳ್ಳುತ್ತದೆ, ಮುರಿಯುವುದಿಲ್ಲ.

ಹೊತ್ತು ಬೆಳಗಿನದೇ ಒಳ್ಳೆಯದು. ಮಂಜು ಪೂರ್ತಿ ಕರಗುವವರೆಗೆ ಕಾಯಿರಿ. ಮಂಜಿನಲ್ಲಿ ವಿಮಾನ ಕಾಣದಾದರೆ ಹೋಯಿತು ಅಂತಲೇ ಲೆಕ್ಕ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಶುರು. ಗುಡ್ಡ ಅಥವಾ ಮರಗಳ ಸಾಲನ್ನು ದಾಟಿ ಬರುವ ಗಾಳಿ ಅದರ ಮರೆಯಲ್ಲಿ ಸುಳಿಯಾಗಿ ಕೆಳಗೆ ಒತ್ತುತ್ತದೆ. ಯಾವ ಬಯಲಿನಲ್ಲಿ ಯಾವ ಮೂಲೆ ಹಾಗೆ ಕಾಡುತ್ತದೆ ಎನ್ನುವುದು ಅಲ್ಲಿ ವರ್ಷಗಟ್ಟಲೆ ಹಾರಿಸಿದವರಿಗಷ್ಟೇ ಗೊತ್ತು.

ಎತ್ತರದ ವಿಷಯವೂ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕಡಲ ತೀರಕ್ಕಿಂತ ಸುಮಾರು ಶೇ 10ರಷ್ಟು ಕಮ್ಮಿ. ಅಷ್ಟೇ ಭಾರ ಎತ್ತಲು ರೆಕ್ಕೆಗೆ ಶೇ 5ರಷ್ಟು ಹೆಚ್ಚು ವೇಗ ಬೇಕು. ಮಂಗಳೂರಿನ ಗೆಳೆಯನ ವಿಮಾನ ನಿಧಾನವಾಗಿ ತೇಲುತ್ತಾ ಇಳಿಯುತ್ತದೆ. ಅದೇ ವಿಮಾನವನ್ನು ಇಲ್ಲಿ ಅಷ್ಟೇ ನಿಧಾನ ಮಾಡಿದರೆ ರೆಕ್ಕೆ ಕೈಕೊಟ್ಟು ಧೊಪ್ಪೆಂದು ಬೀಳುತ್ತದೆ. ಯಾವ ಅಳತೆಯ ಪ್ರೊಪೆಲ್ಲರ್ ಇಲ್ಲಿಗೆ ಹೊಂದುತ್ತದೆ ಅಂತ ಕ್ಲಬ್‌ನವರು ಈಗಾಗಲೇ ಮುರಿದು, ಬದಲಾಯಿಸಿ ಕಂಡುಕೊಂಡಿರುತ್ತಾರೆ.

ಹೆಜ್ಜೆ 3: ನಿಯಮ ತಿಳಿದುಕೊಳ್ಳಿ

2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನಮ್ಮ ಆಟದ ವಿಮಾನಕ್ಕೂ ಸಂಬಂಧಿಸಿದ್ದೇ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ. ಹಣ ಗಳಿಸುವ ಉದ್ದೇಶವಿಲ್ಲದೆ ಈ ಎರಡನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹೊಸಬರ ವಿಮಾನಗಳೆಲ್ಲ ಈ ತೂಕದ ಒಳಗೇ ಬರುತ್ತವೆ. ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನಿಮ್ಮ ಬಯಲು ಹಸಿರು ವಲಯದಲ್ಲಿದೆಯಾ ನೋಡಿ. ಅಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ನಿಯಮಗಳಿಗೆ 2022, 2023ರಲ್ಲಿ ತಿದ್ದುಪಡಿಯಾಗಿದೆ. ಹಾಗಾಗಿ ನೋಂದಣಿ, ವಿಮೆಯ ವಿಷಯವನ್ನು ಕ್ಲಬ್‌ನ ಹಿರಿಯರ ಜೊತೆ ಕೂತು ಹಾರಿಸುವ ಮೊದಲೇ ಮುಗಿಸಿಕೊಳ್ಳಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅರಣ್ಯಗಳ ಕಡೆ ವಿಮಾನ ತೆಗೆದುಕೊಂಡು ಹೋಗುವ ಯೋಚನೆಯೇ ಬೇಡ.

ಹೆಜ್ಜೆ 4: ಜೋಡಿ ರಿಮೋಟ್‌ನಲ್ಲಿ ಕಲಿಯಿರಿ

ಇದಕ್ಕೂ ಮೊದಲು ಮನೆಯಲ್ಲಿ ಸಿಮ್ಯುಲೇಟರ್, ಅಂದರೆ ಪರದೆಯ ಮೇಲೆ ವಿಮಾನ ಹಾರಿಸುವ ಆಟ, ಆಡಿ. ಪಿಕಾಸಿಮ್‌ನಂಥವು ಪುಕ್ಕಟೆ ಸಿಗುತ್ತವೆ. ಅಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ಒಂದೇ. ವಿಮಾನ ನಿಮ್ಮಿಂದ ದೂರ ಹೋಗುವಾಗ ಅದರ ಎಡ ನಿಮಗೂ ಎಡ. ತಿರುಗಿ ನಿಮ್ಮ ಕಡೆ ಬಂದಾಗ ಅದರ ಎಡ ನಿಮಗೆ ಬಲ. ಹೊಸಬರ ವಿಮಾನಗಳು ಜಾಸ್ತಿ ಬೀಳುವುದು ಇಲ್ಲೇ. ಹಳಬರು ಹೇಳಿಕೊಡುವ ಉಪಾಯ ಸರಳ: ವಿಮಾನ ಎದುರು ಬರುತ್ತಿರುವಾಗ ಯಾವ ರೆಕ್ಕೆ ಕೆಳಗೆ ಬಾಗಿದೆಯೋ ಆ ಕಡೆಗೇ ಸ್ಟಿಕ್ ಒತ್ತಿ, ರೆಕ್ಕೆ ಮೇಲೇಳುತ್ತದೆ. ಎಡ, ಬಲ ಅಂತ ಲೆಕ್ಕ ಹಾಕಬೇಡಿ, ಅಷ್ಟು ಪುರುಸೊತ್ತು ಇರುವುದಿಲ್ಲ.

ಮೈದಾನದಲ್ಲಿ ಎರಡು ರಿಮೋಟ್‌ಗಳನ್ನು ಒಂದು ಕೇಬಲ್‌ನಿಂದ ಜೋಡಿಸುತ್ತಾರೆ. ಈಗ ಕೇಬಲ್ ಇಲ್ಲದೆಯೂ ಜೋಡಿಸಬಹುದು. ಒಂದು ಕಲಿಸುವವರ ಕೈಯಲ್ಲಿ, ಇನ್ನೊಂದು ನಿಮ್ಮ ಕೈಯಲ್ಲಿ. ಅವರೇ ಮೇಲೆ ಹಾರಿಸಿ, ಒಳ್ಳೆಯ ಎತ್ತರಕ್ಕೆ ಒಯ್ದು, ಒಂದು ಸ್ವಿಚ್ ಒತ್ತಿ ಹಿಡಿಯುತ್ತಾರೆ. ಅಲ್ಲಿಂದ ವಿಮಾನ ನಿಮ್ಮದು. ನೀವು ತಡಬಡಾಯಿಸಿದರೆ ಅವರು ಸ್ವಿಚ್ ಬಿಡುತ್ತಾರೆ, ಆ ಕ್ಷಣವೇ ವಿಮಾನ ಅವರ ಕೈಗೆ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಪಕ್ಕದವರ ಕಾಲಡಿಯೂ ಬ್ರೇಕ್ ಇರುವ ಹಾಗೆ. ಮೊದಲು ಅಗಲವಾದ ಸುತ್ತು, ಆಮೇಲೆ ಎಂಟರ ಆಕಾರ, ಆಮೇಲೆ ಗಾಳಿಗೆ ಎದುರಾಗಿ ಇಳಿಸುವುದು. ವಿಮಾನ ಚೂರಾಗುವ ಭಯ ಇಲ್ಲದಿದ್ದರೆ ಕೈ ನಡುಗುವುದಿಲ್ಲ. ಯೂಟ್ಯೂಬ್ ಎಷ್ಟೇ ನೋಡಿದರೂ ಈ ಒಂದು ಅನುಕೂಲ ಸಿಗದು.

ಹೆಜ್ಜೆ 5: ಈಗ ಕೊಳ್ಳಿ

ಕಲಿಯಲು ರೆಕ್ಕೆ ಮೇಲ್ಗಡೆ ಇರುವ, ಎರಡೂ ತುದಿ ಸ್ವಲ್ಪ ಮೇಲಕ್ಕೆ ಬಾಗಿದ ಫೋಮ್ ಟ್ರೇನರ್ ಸಾಕು. ಸ್ಟಿಕ್ ಬಿಟ್ಟರೆ ತಾನೇ ನೆಟ್ಟಗಾಗುವ ಸ್ವಭಾವ ಅದಕ್ಕಿದೆ. ಯುದ್ಧವಿಮಾನದ ಮಾದರಿ ಬೇಕು ಅಂತ ಮಕ್ಕಳು ಹಟ ಹಿಡಿಯುತ್ತಾರೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ ಮಡಿದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ಕೇಳಿ ಬೆಳೆದ ಮಕ್ಕಳು, ಜೆಟ್ಟೇ ಬೇಕು ಅನ್ನುವುದರಲ್ಲಿ ತಪ್ಪೇನಿದೆ? ಆದರೆ ಟ್ರೇನರ್ ದಾಟಿದ ಮೇಲೆ. ಎನ್‌ಸಿಸಿಯ ವಾಯುಪಡೆ ವಿಭಾಗ ಸೇರುವ ಆಸೆಯಿದ್ದರೆ ಅಲ್ಲಿಯೂ ಏರೋಮಾಡೆಲಿಂಗ್ ಇದೆ, ಈ ಕಲಿಕೆ ಉಪಯೋಗಕ್ಕೆ ಬರುತ್ತದೆ.

ದುಡ್ಡನ್ನು ರಿಮೋಟ್ ಮತ್ತು ಚಾರ್ಜರ್ ಮೇಲೆ ಹಾಕಿ. ವಿಮಾನ ಹೋಗುತ್ತದೆ, ಅವು ಉಳಿಯುತ್ತವೆ. ಕ್ಲಬ್‌ನಲ್ಲಿ ಯಾರಾದರೂ ಹಳೆಯ ಟ್ರೇನರ್ ಮಾರುತ್ತಿದ್ದರೆ ಅದನ್ನೇ ತಗೊಳ್ಳಿ. ಅದು ಹಾರುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿ ಕೊಳ್ಳಬಹುದಲ್ಲ.

ಈ ವಿಮಾನಗಳಲ್ಲಿ ಬಳಸುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಬಗ್ಗೆ ಸದರ ಬೇಡ. ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್. ಅದಕ್ಕಿಂತ ಮೇಲೆ ಚಾರ್ಜ್ ಆದರೆ ಬೆಂಕಿ ಹತ್ತಬಹುದು. 3 ವೋಲ್ಟ್‌ಗಿಂತ ಕೆಳಗಿಳಿದರೆ ಕೆಡುತ್ತದೆ. ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ, ಕಣ್ಣೆದುರೇ ಇರಲಿ. ಉಬ್ಬಿದ ಬ್ಯಾಟರಿ ಎಷ್ಟೇ ಹೊಸದಾದರೂ ಬಳಸಬೇಡಿ. ವಾರಗಟ್ಟಲೆ ಇಡುವುದಾದರೆ ಸೆಲ್‌ಗೆ 3.8 ವೋಲ್ಟ್ ಉಳಿಸಿ ಇಡಿ. ಮಳೆಗಾಲದಲ್ಲಿ ಬಟ್ಟೆಯಿಂದ ಹಿಡಿದು ಎಲ್ಲವನ್ನೂ ಒಲೆಯ ಹತ್ತಿರ ಒಣಗಿಸುವ ರೂಢಿ ನಮ್ಮದು. ಇದನ್ನು ಮಾತ್ರ ಆ ಕಡೆ ಒಯ್ಯಬೇಡಿ.

ಹೆಜ್ಜೆ 6: ಎಸೆಯುವ ಮುನ್ನ

ಎರಡು ತೋರುಬೆರಳಿನ ತುದಿಯಲ್ಲಿ ರೆಕ್ಕೆಯ ಅಡಿಭಾಗ ಹಿಡಿದು ವಿಮಾನವನ್ನು ಎತ್ತಿ. ಬೆರಳು ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ನಡುವೆ ಇರಲಿ. ವಿಮಾನ ಮಟ್ಟವಾಗಿ, ಅಥವಾ ಮೂಗು ಒಂಚೂರು ಕೆಳಗಾಗಿ ನಿಂತರೆ ಸರಿ. ಬಾಲ ಕೆಳಗಿಳಿದರೆ ಹಾರಿಸಲೇಬೇಡಿ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಮತ್ತೆ ನೋಡಿ.

ಆಮೇಲೆ ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ಒತ್ತಿ. ಬಲ ರೆಕ್ಕೆಯ ಹಿಂದಂಚಿನ ಪಟ್ಟಿ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಸ್ಟಿಕ್ ನಿಮ್ಮ ಕಡೆ ಎಳೆದರೆ ಬಾಲದ ಪಟ್ಟಿ ಮೇಲೇಳಬೇಕು. ರಿಪೇರಿ ಮಾಡಿದ ಮೇಲೆ ಇದು ಉಲ್ಟಾ ಆಗಿರುವುದುಂಟು. ಇದನ್ನು ಪಕ್ಕದಲ್ಲಿ ನಿಂತ ಇನ್ನೊಬ್ಬರೂ ನೋಡಲಿ. ಕೊನೆಗೆ ರಿಮೋಟ್ ದೂರದಿಂದಲೂ ಕೆಲಸ ಮಾಡುತ್ತದಾ ಎಂಬ ರೇಂಜ್ ಚೆಕ್, ಮತ್ತು ರಿಮೋಟ್ ಸಂಪರ್ಕ ತಪ್ಪಿದರೆ ಮೋಟಾರ್ ನಿಲ್ಲುತ್ತದಾ ಎಂಬ ಫೇಲ್‌ಸೇಫ್ ಪರೀಕ್ಷೆ. ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಿ.

ಬಿದ್ದ ಮೇಲೆ

ಬೀಳುತ್ತದೆ. ಮರಕ್ಕೆ ಸಿಕ್ಕರೆ ನೀವೇ ಹತ್ತಲು ಹೋಗಬೇಡಿ. ಮೆಣಸು ಕೊಯ್ಯಲು ಬಳಸುವ ಉದ್ದ ಏಣಿ, ಅದನ್ನು ಹತ್ತಿ ಪಳಗಿದವರು ಅಕ್ಕಪಕ್ಕದ ತೋಟದಲ್ಲೇ ಇರುತ್ತಾರೆ. ಕೇಳಿಕೊಳ್ಳಿ, ಕೂಲಿ ಕೊಡಿ. ಕರೆಂಟ್ ತಂತಿಗೆ ಸಿಕ್ಕರೆ ಕೋಲು ಹಾಕಬೇಡಿ, ವಿದ್ಯುತ್ ಕಂಪನಿ ಚೆಸ್ಕಾಂಗೆ ಫೋನ್ ಮಾಡಿ. ಸಂಜೆ ತೋಟದೊಳಗೆ ಬಿದ್ದರೆ ಬೆಳಗಾಗುವವರೆಗೆ ಅಲ್ಲೇ ಇರಲಿ. ಸಿದ್ದಾಪುರದ ಕಡೆಯವರಿಗೆ ಕಾರಣ ಹೇಳಬೇಕಿಲ್ಲ. ಆನೆ ಎದುರಾದರೆ ಕಳೆದುಕೊಳ್ಳುವುದು ವಿಮಾನ ಮಾತ್ರ ಆಗಿರುವುದಿಲ್ಲ. ಹಗಲಲ್ಲಿ ಹುಡುಕುವಾಗಲೂ ಒಬ್ಬರೇ ಹೋಗಬೇಡಿ.

ಫೋಮ್ ಮುರಿದರೆ ಅಂಟಿಸುವುದು ಸುಲಭ. ಆದರೆ ಮಾಮೂಲಿ ಸೂಪರ್ ಗ್ಲೂ ಥರ್ಮೊಕೋಲನ್ನು ಕರಗಿಸಿ ತೂತು ಮಾಡುತ್ತದೆ. ಎಪಾಕ್ಸಿ ಅಥವಾ ಹಾಟ್ ಗ್ಲೂ ಬಳಸಿ, ಒಳಗೆ ಬಿದಿರ ಕಡ್ಡಿ ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರಿಸಲಂತೂ ಆಗುವುದಿಲ್ಲ. ಯಾರದಾದರೂ ಮನೆಯ ಜಗಲಿಯಲ್ಲಿ ಸೇರಿ ಕಟ್ಟುವ, ರಿಪೇರಿ ಮಾಡುವ ಕಾಲ ಅದು. ನಿಜ ಹೇಳಬೇಕೆಂದರೆ ಹೊಸಬರು ಜಾಸ್ತಿ ಕಲಿಯುವುದು ಆಗಲೇ. ಬಾಲ್ಸಾ ಮರದ ವಿಮಾನ ಇದ್ದವರು ರೆಕ್ಕೆಯನ್ನು ಗೋಡೆಗೆ ಒರಗಿಸದೆ ಮಟ್ಟಸವಾಗಿ ಇಡಬೇಕು. ತೇವಕ್ಕೆ ತಿರುಚಿಕೊಳ್ಳುತ್ತದೆ.

ಕ್ಲಬ್ಬೇ ಇಲ್ಲದಿದ್ದರೆ

ನಾಲ್ಕು ಜನ ಸಿಕ್ಕರೆ ಕ್ಲಬ್ ಆಯಿತು, ನೋಂದಣಿ, ಬೋರ್ಡ್ ಎಲ್ಲ ಆಮೇಲೆ. ನಾಲ್ವರಲ್ಲಿ ಒಬ್ಬರು ಮೊದಲು ಮೈಸೂರು ಅಥವಾ ಬೆಂಗಳೂರಿಗೆ ಹೋಗಿ ಅಲ್ಲಿನವರ ಹತ್ತಿರ ಚೆನ್ನಾಗಿ ಕಲಿತು ಬರಲಿ, ಉಳಿದವರಿಗೆ ಅವರೇ ಗುರು. ಒಳ್ಳೆಯ ಚಾರ್ಜರ್ ಒಂದನ್ನೂ ಜೋಡಿ ರಿಮೋಟನ್ನೂ ಎಲ್ಲರೂ ಸೇರಿ ಕೊಳ್ಳಿ. ಗದ್ದೆಯ ಯಜಮಾನರ ಹತ್ತಿರ ಎರಡನೇ ಬೆಳೆ ಹಾಕುತ್ತಾರಾ, ದನ ಯಾವಾಗ ಬಿಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಪ್ರತಿಯೊಬ್ಬರ ವಿಮಾನದ ರೆಕ್ಕೆಯ ಕೆಳಗೂ ಅಳಿಸದ ಶಾಯಿಯಲ್ಲಿ ಫೋನ್ ನಂಬರ್ ಇರಲಿ. ಫೆಬ್ರವರಿಯಲ್ಲಿ ಕಳೆದದ್ದು ಮುಂದಿನ ಕಾಫಿ ಕೊಯ್ಲಿನಲ್ಲಿ ಯಾರ ಕೈಗಾದರೂ ಸಿಗಬಹುದು.