ನಾಯಿಯ ಕೆರೆತಕ್ಕೆ ಬೇವಿನ ಸ್ನಾನ: ಎಡವಟ್ಟಾಗುವುದು ಒರೆಸುವಾಗ

ಮಳೆಗಾಲ ಹಿಡಿಯಿತೆಂದರೆ ನಮ್ಮ ಬೀದಿಯಲ್ಲಿ ನಾಯಿ ಸಾಕಿದವರ ಮನೆಯಿಂದೆಲ್ಲ ಬೇವಿನ ಸೊಪ್ಪು ಕುದಿಯುವ ವಾಸನೆ. ಒಳ್ಳೆಯದೇ. ಆದರೆ ಕಷಾಯ ಸುರಿದು, ಎರಡು ಚೊಂಬು ನೀರು ಹೊಯ್ದು, ‘ತಾನೇ ಒಣಗುತ್ತೆ ಬಿಡಿ’ ಎಂದು ಅಂಗಳಕ್ಕೆ ಅಟ್ಟುತ್ತಾರೆ. ಆಷಾಢದಲ್ಲಿ ಎಲ್ಲಿಂದ ಒಣಗಬೇಕು? ಮೂರನೇ ದಿನಕ್ಕೆ ಕೆರೆತ ಇನ್ನೂ ಜೋರು, ಬೈಗುಳ ಬೇವಿಗೆ.

ಮೊದಲು ಕಾರಣ ಹುಡುಕಿ. ಹೇನು ತೆಗೆಯುವ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿ. ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಅದು ಹೀರಿದ ರಕ್ತವೇ. ಆಗ ಸೊಪ್ಪು ಸಾಲದು, ಚಿಗಟದ ಔಷಧಿಯೇ ಬೇಕು. ಕಿವಿಯಂಚಿನಲ್ಲಿ ಹಕ್ಕಳೆ, ದುಂಡಗೆ ಬೋಳು ಕಂಡರೆ ಕಜ್ಜಿಯೋ ಹುಳುಕಡ್ಡಿಯೋ ಇರಬಹುದು. ಅವು ಮನೆಯವರಿಗೂ ಹತ್ತುತ್ತವೆ, ನೇರ ಪಶುವೈದ್ಯರ ಹತ್ತಿರ ಹೋಗಿ.

ಎರಡು ಹಿಡಿ ಬೇವಿನ ಸೊಪ್ಪನ್ನು ಎರಡು ಲೀಟರ್ ನೀರಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ, ಉಗುರು ಬೆಚ್ಚಗಾಗುವವರೆಗೆ ಆರಿಸಿ.

ಬರೀ ಒಣಚರ್ಮದ ಕೆರೆತವಾದರೆ ನಾನು ನಂಬುವುದು ಓಟ್ಸನ್ನು. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಒಂದು ಚಮಚ ಲೋಟದ ನೀರಿಗೆ ಹಾಕಿ ನೋಡಿ. ಹಾಲಿನಂತಾದರೆ ಸರಿ, ತಳಕ್ಕೆ ಕೂತರೆ ಇನ್ನೊಂದು ಸುತ್ತು ತಿರುಗಿಸಿ. ಮಸಾಲಾ ಓಟ್ಸ್ ಬೇಡವೇ ಬೇಡ. ನೆಕ್ಕುವ ಪ್ರಾಣಿ ಇದು, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಬಾಟಲಿಗೂ ಮರುಳಾಗಬೇಡಿ: ಟೀ ಟ್ರೀ ಎಣ್ಣೆ, ಕರ್ಪೂರ ಕೂಡ ನೈಸರ್ಗಿಕವೇ, ಎರಡೂ ನಾಯಿಗೆ ಅಪಾಯ. ಮಕ್ಕಳ ಶಾಂಪೂ ಕೂಡ ದೂರವಿಡಿ, ಅದು ಮನುಷ್ಯರ ಚರ್ಮಕ್ಕೆಂದು ಮಾಡಿದ್ದು.

ಈಗ ಸ್ನಾನ. ಬೇವಿನ ಕಷಾಯವಾಗಲಿ, ಓಟ್ಸ್ ಪುಡಿ ಕದಡಿದ ನೀರಾಗಲಿ, ಕ್ರಮ ಒಂದೇ. ಕೊರಳಪಟ್ಟಿ ಬಿಚ್ಚಿ. ಕಷಾಯ ರೋಮದ ಮೇಲೆ ಜಾರಿ ಹೋಗುತ್ತದೆ, ಬೆರಳಿಂದ ರೋಮ ಬಿಡಿಸಿ ಬುಡಕ್ಕೆ ಮುಟ್ಟಿಸಬೇಕು. ಹತ್ತು ನಿಮಿಷ ಹಾಗೇ ನಿಲ್ಲಿಸಿ, ನೆಕ್ಕದಂತೆ ಯಾರಾದರೂ ಹಿಡಿದಿರಲಿ. ಆಮೇಲೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಹೋದ ವರ್ಷ ಪಕ್ಕದ ಮನೆಯ ಲ್ಯಾಬ್ರಡಾರ್‌ನ ತೊಡೆ ಸಂದು ಬಿಡಿಸಿದರೆ, ವಾರದ ಹಿಂದಿನ ಬೇವಿನ ಎಲೆ ಅಂಟಿಕೊಂಡು, ಅದರಡಿಯಲ್ಲಿ ರೂಪಾಯಿಯಗಲ ಹಸಿ ಹುಣ್ಣು.

ಒರೆಸಲು ಎರಡು ಟವೆಲ್ ಬೇಕು. ಗಸಗಸ ಉಜ್ಜಬೇಡಿ, ಒತ್ತಿ ನೀರು ಹೀರಿಸಿ. ಬೆರಳ ಸಂದು, ಕಂಕುಳು, ಕಿವಿಯ ಒಳಮಡಿಕೆ ಒಂದೊಂದನ್ನೂ ಒರೆಸಿ, ಅರ್ಧ ಗಂಟೆ ಫ್ಯಾನಿನಡಿ ಕೂರಿಸಿ. ಮೇಲೆ ಒಣಗಿದಂತೆ ಕಂಡರೂ ರೋಮದೊಳಗೆ ಬೆರಳಿಟ್ಟು ನೋಡಿ. ತಣ್ಣಗಿದ್ದರೆ ಒಳಗಿನ್ನೂ ಒದ್ದೆ.

ಬಿರಿದ ಪಾದಕ್ಕೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಲೋಳೆಸರ ಹಚ್ಚುವವರು ಅದರ ಹಳದಿ ಸೋನೆ ಪೂರ್ತಿ ಬಸಿದು ತೊಳೆಯಿರಿ, ನೆಕ್ಕಿದರೆ ಭೇದಿ. ವಾರಕ್ಕೊಂದು ಸ್ನಾನ ಸಾಕು. ಎರಡು ವಾರಕ್ಕೂ ಕೆರೆತ ಇಳಿಯದಿದ್ದರೆ ಪಶುವೈದ್ಯರಿಗೇ ತೋರಿಸಿ. ಕೊರಳಪಟ್ಟಿ ಅಂದೇ ಕಟ್ಟಬೇಡಿ, ಆ ಪಟ್ಟಿಯೂ ಫ್ಯಾನಿನಡಿ ರಾತ್ರಿಯಿಡೀ ಒಣಗಲಿ.